ಇಪ್ಪತ್ತೆರಡು ಅಡಿ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಇದನ್ನು ಮೊದಲೇ ಹೇಳಿಬಿಡ್ತೀನಿ. ಟೇಪಣ್ಣನ ಕಥೆ ಹೇಳೋಕೆ ಕೂತವಳು ನನ್ನ ಸಿಟ್ಟನ್ನು ಮುಚ್ಚಿಟ್ಟರೆ ಅದು ಅರ್ಧ ಸುಳ್ಳಾಗುತ್ತೆ. ಹಿನ್ನೀರಿಗೆ ಇಳಿಯುವ ಬೀದಿಯ ಕೊನೆಯಲ್ಲಿ ನನ್ನ ಅಂಗಡಿ. ಗಾಳ, ದಾರ, ಬುಟ್ಟಿ, ರಬ್ಬರ್ ಬೂಟು, ಬ್ಯಾಟರಿ ಎಲ್ಲ ಸಿಗುತ್ತೆ. ಹದಿನೆಂಟು ವರ್ಷ ನೀರಿನ ಪಕ್ಕದಲ್ಲೇ ವ್ಯಾಪಾರ ಮಾಡಿದ್ದರೂ ನಾನು ಒಂದು ದಿನವೂ ದೋಣಿ ಹತ್ತಿದವಳಲ್ಲ. ಈಜು ಬರಲ್ಲ. ನೀರು ಕಂಡರೆ ಎರಡು ಹೆಜ್ಜೆ ಹಿಂದೆ ಸರೀತೀನಿ. ಇದನ್ನು ಗಿರಾಕಿಗಳಿಗೆ ಯಾರು ಹೇಳ್ತಾರೆ?

ಟೇಪಣ್ಣ ಅಂದರೆ ಅಂಚೆ ಕಚೇರಿ ಎದುರಿನ ದರ್ಜಿ. ನಾಲ್ಕು ಮಾರು ಉದ್ದದ ಕೋಣೆ, ಎರಡು ಹೊಲಿಗೆ ಮಷೀನು, ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ. ಕತ್ತಿನಲ್ಲಿ ಟೇಪು ಇಲ್ಲದೆ ಅವರನ್ನು ನಾನು ನೋಡಿದ್ದೇ ಇಲ್ಲ. ಸ್ನಾನ ಮಾಡುವಾಗ ತೆಗೀತಾರೋ ಇಲ್ಲವೋ ಅಂತ ಬೀದಿಯವರು ತಮಾಷೆ ಮಾಡ್ತಿದ್ದರು. ನನ್ನ ಸ್ಕೂಲ್ ಯೂನಿಫಾರಂ ಹೊಲಿದುಕೊಟ್ಟವರು ಅವರೇ. ಅವತ್ತಿನಿಂದ ನನಗೆ ಅವರು ಅಣ್ಣ, ಅವರಿಗೆ ನಾನು ತಂಗಿ. ಒಂದು ತೋಳಿಗೆ ಎರಡು ಸಲ ಅಳತೆ ತಗೊಳ್ಳೋರು, ಆಮೇಲೆ ಅನುಮಾನ ಬಂದು ಇನ್ನೊಂದು ಸಲ. ಕತ್ತರಿ ಬಟ್ಟೆಗೆ ತಾಕುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚೋರು.

ಅವರಷ್ಟು ಪುಕ್ಕಲರನ್ನು ನಾನು ಕಂಡಿಲ್ಲ. ಗ್ಯಾಸ್ ಆರಿಸಿದೆನಾ ಅಂತ ಅರ್ಧ ದಾರಿಯಿಂದ ವಾಪಸು ಹೋಗೋರು. ಏಣಿ ಅಂದರೆ ಭಯ, ನಾಯಿ ಅಂದರೆ ಭಯ, ಲಿಫ್ಟ್ ಅಂದರೆ ಭಯ. ಎಲ್ಲಕ್ಕಿಂತ ಹೆಚ್ಚಿನ ಭಯ ನೀರಿಂದು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದುಕೊಂಡು ಬಾಡಿಗೆ ದೋಣಿಯಲ್ಲಿ ಕೂತು ಹಿನ್ನೀರಿನ ಮೇಲೆ ಹೋಗೋರು. ಯಾಕೆ ಅಂದರೆ ಅತ್ತಿಗೆಗೋಸ್ಕರ.

ಅತ್ತಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವರು. ವಾರಕ್ಕೆ ಆರು ದಿನ ಟ್ಯೂಬ್‌ಲೈಟಿನ ಕೆಳಗೆ ನಿಂತು, ಠಸ್ಸೆ ಹೊಡೆಯುವ ಸದ್ದಿನ ನಡುವೆ ಕೆಲಸ. ಏಳನೇ ದಿನ ಅವರಿಗೆ ನೀರು ಬೇಕು, ಗಾಳ ಬೇಕು, ಯಾರೂ ಮಾತಾಡಿಸಬಾರದು. ಮದುವೆಯಾದ ಹೊಸದರಲ್ಲೇ ಶುರುವಾದ ಹುಚ್ಚು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ಥೇಟ್ ಹಾಗೆ. ಇಲ್ಲಿ ಗೆಲ್ಲುತ್ತಿದ್ದದ್ದು ನೀರಿಗೆಳೆಯೋರೇ.

“ನಿಮಗೆ ಇಷ್ಟು ಭಯ ಇದ್ರೆ ಅತ್ತಿಗೆ ಒಬ್ಬರೇ ಹೋಗಲಿ ಬಿಡಿ ಅಣ್ಣ. ಅವರಿಗೆ ಈಜು ಬರುತ್ತಲ್ಲ” ಅಂತ ಒಂದು ಸಲ ಅಂದಿದ್ದೆ.

“ದಡದಲ್ಲಿ ಕೂತು ನಿಮಿಷಕ್ಕೊಂದು ಸಲ ಸಾಯೋದಕ್ಕಿಂತ ಜೊತೆಗೆ ಹೋಗಿ ಒಂದೇ ಸಲ ಸಾಯೋದು ವಾಸಿ ಕಣಮ್ಮ” ಅಂದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, “ಅವಳಿಗೆ ಮಾತ್ರ ಹೇಳಬೇಡ. ನನಗೂ ಇಷ್ಟ ಅಂತಾನೇ ಅವಳು ತಿಳ್ಕೊಂಡಿದಾಳೆ” ಅಂದರು.

ಹೀಗಿದ್ದವರು ಒಂದು ಬುಧವಾರ ಅಂಗಡಿಗೆ ಬಂದು ಮೀನು ಹುಡುಕುವ ಮಷೀನು ಬೇಕು ಅಂದರು. ನನಗೆ ನಗು ಬಂತು. ಇಷ್ಟು ವರ್ಷದಲ್ಲಿ ಒಂದು ಗಾಳವನ್ನೂ ಮುಟ್ಟದ ಮನುಷ್ಯ!

“ಮೀನು ಯಾರಿಗೆ ಬೇಕು? ಅದು ಆಳ ತೋರಿಸುತ್ತಂತಲ್ಲ, ಅದು ಬೇಕು. ಕೆಳಗೆ ಎಷ್ಟು ನೀರಿದೆ, ಕಲ್ಲಿದೆಯಾ, ಬೊಡ್ಡೆ ಇದೆಯಾ ಅಂತ ಗೊತ್ತಾದ್ರೆ ಸ್ವಲ್ಪ ಧೈರ್ಯ ಬರುತ್ತೆ ನೋಡು” ಅಂದರು.

ಮಷೀನು ಅಂದರೆ ದೊಡ್ಡ ವಿಷಯ ಏನಿಲ್ಲ. ಅಂಗೈಯಗಲದ ಪರದೆ, ಅದಕ್ಕೊಂದು ವೈರು, ವೈರಿನ ತುದಿಯಲ್ಲಿ ನೀರಿಗೆ ಇಳಿಬಿಡುವ ಒಂದು ಗುಂಡು. ಗುಂಡು ನೀರಿನೊಳಗೆ ಸದ್ದು ಕಳಿಸುತ್ತೆ, ತಳಕ್ಕೆ ಬಡಿದು ಅದು ವಾಪಸು ಬರೋದನ್ನು ಲೆಕ್ಕ ಹಾಕಿ ಆಳ ಎಷ್ಟು ಅಂತ ಪರದೆ ಮೇಲೆ ಅಂಕಿ ಬರುತ್ತೆ. ಸ್ವಂತ ದೋಣಿಯಾದರೆ ತೂತು ಕೊರೆದು ಸ್ಕ್ರೂ ಹಾಕಿದರೆ ಮುಗೀತು. ಬಾಡಿಗೆ ದೋಣಿಗೆ ತೂತು ಕೊರೆದರೆ ದೋಣಿಮಾಮ ನಮ್ಮ ತಲೆಗೇ ತೂತು ಕೊರೀತಾರೆ. ದೋಣಿಮಾಮ ಅಂದರೆ ಕಟ್ಟೆಯಲ್ಲಿ ಹನ್ನೊಂದು ದೋಣಿ ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋರು. ಯಾವ ವಾರ ಯಾವ ದೋಣಿ ಸಿಗುತ್ತೋ ಹೇಳಕ್ಕಾಗಲ್ಲ. ಹಾಗಾಗಿ ಹನ್ನೊಂದಕ್ಕೂ ಹೊಂದುವಂಥದ್ದು, ಹಾಕೋಕೆ ತೆಗೆಯೋಕೆ ಸುಲಭವಾದದ್ದು ಬೇಕು.

ಐದು ವಾರ ಬಂದರು ರೀ! ಐದು ವಾರ! ಮೊದಲನೆಯದು ರಬ್ಬರ್ ಬಟ್ಟಲಿನಿಂದ ದೋಣಿಗೆ ಅಂಟಿಕೊಳ್ಳುವಂಥದ್ದು. ಅದನ್ನು ಮನೆಗೆ ಒಯ್ದು ಬಾಗಿಲಿಗೆ ಅಂಟಿಸಿ, ಎಷ್ಟು ಹೊತ್ತಿಗೆ ಬೀಳುತ್ತೆ ಅಂತ ಗಡಿಯಾರ ಹಿಡಿದು ಕೂತರು. ಬಣ್ಣ ಎದ್ದ ಹಲಗೆ ಮೇಲೆ ಹದಿಮೂರು ನಿಮಿಷಕ್ಕೆ ಬಿತ್ತಂತೆ, ವಾಪಸು ತಂದರು. ಎರಡನೆಯದು ಚೆಂಡಿನ ಥರ ನೀರಿಗೆ ಎಸೆದು ಮೊಬೈಲಿನಲ್ಲಿ ನೋಡುವಂಥದ್ದು. “ಮೊಬೈಲ್ ನೀರಿಗೆ ಬಿದ್ರೆ?” ಅಂದರು. ಮೂರನೆಯದು ಹಿಡಿಕೆ ತಿರುಗಿಸಿ ದೋಣಿಯ ಅಂಚಿಗೆ ಕಚ್ಚಿಸುವಂಥದ್ದು. ಅದೇನೋ ಮನಸ್ಸಿಗೆ ಬಂತು. ಆದರೆ ಎಲ್ಲ ಅಂಚಿಗೂ ಹಿಡಿಯುತ್ತಾ ಅಂತ ಅಂಗಡಿ ಮುಚ್ಚಿಕೊಂಡು ಹೋಗಿ ಹನ್ನೊಂದು ದೋಣಿಯ ಅಂಚನ್ನೂ ಟೇಪಿನಲ್ಲಿ ಅಳೆದು ಬಂದರು. ದೋಣಿಮಾಮ ನಕ್ಕು ನಕ್ಕು, “ಏನ್ರೀ, ನನ್ನ ದೋಣಿಗಳಿಗೆ ಅಂಗಿ ಹೊಲೀತೀರಾ?” ಅಂದರಂತೆ.

ಐದನೇ ವಾರ ಅಂತೂ ಅದನ್ನೇ ತಗೊಂಡರು. ತಗೊಂಡಮೇಲೆ, ನೀರಿಗೆ ಹೋಗುವ ಮುಂಚೆ ಮನೆಯಲ್ಲಿ ಅಭ್ಯಾಸ ಮಾಡಬೇಕು ಅಂದರು. ನೀರಿಲ್ಲದೆ ಅಭ್ಯಾಸ ಹೇಗೆ? ಅದಕ್ಕೂ ಒಂದು ದಾರಿ ಇದೆ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸೋಕೆ ಅಂತ ಮಷೀನಿನಲ್ಲಿ ಡೆಮೊ ಇರುತ್ತೆ. ಅದನ್ನು ಹಾಕಿಟ್ಟರೆ ಗುಂಡು ನೀರಿನಲ್ಲಿದ್ದರೂ ಇಲ್ಲದಿದ್ದರೂ ಪರದೆ ಮೇಲೆ ಬೊಂಬೆ ಮೀನು ಓಡಾಡುತ್ತೆ, ಸುಳ್ಳು ಆಳದ ಅಂಕಿ ಬದಲಾಗುತ್ತಾ ಇರುತ್ತೆ. ನಾವಾಗಿ ತೆಗೆಯೋವರೆಗೆ ಹೋಗಲ್ಲ. ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಡೆಮೊ ಅಂತ ಬರೆದಿರುತ್ತೆ. ನಾನು ಅದನ್ನು ಹಾಕಿ ಕೈಗೆ ಕೊಟ್ಟೆ.

“ಈ ಗುಂಡಿ ಯಾವುದಕ್ಕಮ್ಮ?” ಅಂದರು.

“ಬೇಡ ಅಣ್ಣ, ಅದನ್ನ ಮುಟ್ಟಬೇಡಿ.”

“ಇದು?”

ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯಿತು. “ಅಯ್ಯೋ ಪುಣ್ಯಾತ್ಮ! ಎಲ್ಲ ನಾನೇ ಸೆಟ್ ಮಾಡಿಟ್ಟಿದೀನಿ. ಆನ್ ಮಾಡಿ, ಅಂಕಿ ನೋಡಿ, ನಂಬಿ. ಬೇರೆ ಯಾವ ಗುಂಡೀನೂ ಒತ್ತಬೇಡಿ, ನಿಮಗೆ ದಮ್ಮಯ್ಯ ಅಂತೀನಿ!” ಅಂತ ಕಿರುಚಿದೆ. ಅವರ ಮುಖ ಚಿಕ್ಕದಾಯಿತು. “ಸರಿ ತಂಗಿ” ಅಂದು ಹೊರಟರು.

ಶುಕ್ರವಾರ ಮತ್ತೆ ಬಂದರು. ನೀರು ಸಿಡಿಯಬಾರದು ಅಂತ ಮಷೀನಿಗೆ ರೈನ್‌ಕೋಟ್ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದಿದ್ದರು. ಎದುರಿಗೆ ಪ್ಲಾಸ್ಟಿಕ್ಕಿನ ಕಿಟಕಿ, ಸುತ್ತ ಅಚ್ಚುಕಟ್ಟಾಗಿ ಮಡಿಚಿದ ಅಂಚು. ಆಳದ ಅಂಕಿ ಕಿಟಕಿಯ ಸರಿಯಾಗಿ ನಡುವೆ. ಮೂಲೆಯ ಆ ಸಾಸಿವೆ ಅಕ್ಷರದ ಮೇಲೆ ಮಡಿಚಿದ ಅಂಚು ಕೂತಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಎಷ್ಟು ಚೆನ್ನಾಗಿ ಹೊಲಿದಿದೀರ ಅಣ್ಣ” ಅಂತ ಹೊಗಳಿ ಕಳಿಸಿದೆ. ಬೈದದ್ದಕ್ಕೆ ಪ್ರಾಯಶ್ಚಿತ್ತ ಮಾಡ್ಕೊಂಡೆ ಅಂತ ನನಗೆ ಸಮಾಧಾನ ಬೇರೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಒಬ್ಬ ಗಿರಾಕಿ ಬಂದು ಅಂಥದೇ ಮಷೀನು ತೋರಿಸಿ ಅಂದ. ಶೋಕೇಸಿನದನ್ನು ಆನ್ ಮಾಡಿದೆ. ಬೊಂಬೆ ಮೀನು ಬಂತು. ಹದಿನಾರು ಅಡಿ, ಹತ್ತೊಂಬತ್ತು, ಇಪ್ಪತ್ತೆರಡು. “ಇದು ಬರೀ ಡೆಮೊ ರೀ, ನೀರಿಗೆ ಹೋಗುವ ಮುಂಚೆ ತೆಗೀಬೇಕು” ಅಂತ ನನ್ನ ಬಾಯಿಂದಲೇ ಬಂತು. ಮಾತು ಪೂರ್ತಿಯಾಗುವಷ್ಟರಲ್ಲಿ ನೆನಪಾಯಿತು. ಟೇಪಣ್ಣನಿಗೆ ನಾನು ಇದನ್ನು ಹೇಳಿಲ್ಲ!

ಫೋನ್ ಮಾಡಿದೆ. ಸ್ವಿಚ್ ಆಫ್. ನೀರಿಗೆ ಬೀಳುತ್ತೆ ಅಂತ ಅವರು ಫೋನ್ ಆರಿಸಿ ಮನೆಯಲ್ಲೇ ಬಿಟ್ಟು ಹೋಗೋರು. ಅತ್ತಿಗೆದು ರಿಂಗ್ ಆಗ್ತಾ ಇದೆ, ಎತ್ತುವವರಿಲ್ಲ. ಅವರು ಭಾನುವಾರ ಯಾರ ಫೋನನ್ನೂ ಎತ್ತಲ್ಲ ಅಂತ ಇಡೀ ಊರಿಗೆ ಗೊತ್ತು. ಗಿರಾಕಿಯನ್ನು ಅಲ್ಲೇ ಬಿಟ್ಟು, ಬಾಗಿಲೂ ಹಾಕದೆ ಕಟ್ಟೆಗೆ ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ.

“ಟೇಪಣ್ಣ ಯಾವ ಕಡೆ ಹೋದ್ರು ಮಾಮ?”

ದೋಣಿಮಾಮ ಹಗ್ಗ ಸುತ್ತುತ್ತಾ ಕೂತಿದ್ದರು. “ತೋಪಿನ ಕಡೆ ಹೋದ ಹಾಗಿತ್ತು” ಅಂದರು.

ಅಣೆ ಕಟ್ಟಿ ನೀರು ನಿಲ್ಲಿಸುವ ಮುಂಚೆ ಅಲ್ಲೊಂದು ಮರದ ತೋಪಿತ್ತು. ಮರ ಕಡಿದರು, ಬೊಡ್ಡೆಗಳು ಉಳಿದವು. ನೀರು ತುಂಬಿದ್ದಾಗ ತೊಂದರೆ ಇಲ್ಲ. ಇಳಿದಾಗ ಬೊಡ್ಡೆಗಳು ಒಂದು ಗೇಣು ಕೆಳಗೆ ಅಡಗಿ ಕೂತಿರುತ್ತವೆ, ಮೇಲಿಂದ ಏನೂ ಕಾಣಲ್ಲ. ಆ ತಿಂಗಳು ನೀರು ಚೆನ್ನಾಗಿ ಇಳಿದಿತ್ತು. ಬೊಡ್ಡೆ ಇದ್ದಲ್ಲಿ ಮೀನು ಜಾಸ್ತಿ ಅಂತ ಅತ್ತಿಗೆಗೆ ಎಷ್ಟೋ ವರ್ಷದಿಂದ ಅಲ್ಲಿ ಗಾಳ ಹಾಕುವ ಆಸೆ. ಟೇಪಣ್ಣ ಒಂದು ದಿನವೂ ಬಿಟ್ಟಿರಲಿಲ್ಲ.

“ನೀವು ಯಾಕೆ ಬಿಟ್ರಿ?” ಅಂತ ಅವರ ಮೇಲೆ ಹರಿಹಾಯ್ದೆ.

“ಟೇಪಣ್ಣನೇ ಮುಂದೆ ಕೂತು ಹೋಗು ಹೋಗು ಅಂತ ಕೈ ತೋರಿಸ್ತಿದ್ರು ಕಣಮ್ಮ. ಅಂಥಾ ಮನುಷ್ಯ ಹೋಗ್ತಿದಾರೆ ಅಂದ್ರೆ ನೋಡ್ಕೊಂಡೇ ಹೋಗ್ತಿದಾರೆ ಅಂದ್ಕೊಂಡೆ.”

ನಾನು ವಿಷಯ ಹೇಳಿದೆ. ಅವರು ಹಗ್ಗ ಎಸೆದು ಎದ್ದರು. ಒಂದು ಜಾಕೆಟ್ ನನ್ನ ಕಡೆ ಎಸೆದು, “ಹತ್ತು. ಅಲ್ಲಿ ನನಗೆ ಇನ್ನೊಂದು ಜೊತೆ ಕೈ ಬೇಕಾಗುತ್ತೆ” ಅಂದರು. ಆಗಲ್ಲ ಅನ್ನೋಕೆ ಬಾಯಿ ತೆರೆದೆ. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಬೈಕೊಂಡು ಹತ್ತಿದೆ. ಹಲಗೆ ಕಾಲಡಿ ಅಲುಗಾಡಿದ್ದಕ್ಕೇ ಜೀವ ಬಾಯಿಗೆ ಬಂತು. ಗಾಳಿ ಎದ್ದಿತ್ತು. ಎಂಜಿನ್ನಿನ ಸದ್ದಿನ ಮಧ್ಯೆ ನನಗೆ ಒಂದೇ ಮಾತು ಕೇಳಿಸ್ತಿತ್ತು: ಅಂಕಿ ನೋಡಿ, ನಂಬಿ. ದೇವರೇ, ಆ ನಾಲ್ಕು ಜನ ಗಿರಾಕಿಗಳು ಇನ್ನೈದು ನಿಮಿಷ ಕಾದಿದ್ದರೆ ಸತ್ತು ಹೋಗ್ತಿದ್ದರಾ?

ಮೊದಲು ದೋಣಿ ಕಂಡಿತು. ಮಗುಚಿಕೊಂಡು, ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಅತ್ತಿಗೆ ಒಂದು ಕೈಯಲ್ಲಿ ಅದರ ಎಂಜಿನ್ ಹಿಡಿದುಕೊಂಡಿದ್ದರು. ಇನ್ನೊಂದು ತೋಳು ನೋಡಬಾರದ ಹಾಗೆ ಜೋಲಾಡುತ್ತಿತ್ತು. ನಮ್ಮನ್ನು ಕಂಡ ಕೂಡಲೇ, “ನನ್ನನ್ನ ಬಿಡಿ! ಅವರು ಅಲ್ಲಿದಾರೆ, ಅಲ್ಲಿ! ಜಾಕೆಟ್ ಸಿಕ್ಕಾಕೊಂಡಿದೆ!” ಅಂತ ಕೂಗಿದರು.

ಇಪ್ಪತ್ತು ಮಾರು ಆಚೆ ಟೇಪಣ್ಣ ಒಂದು ಬೊಡ್ಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮಲಗಿದ ಹಾಗಿದ್ದರು. ಜಾಕೆಟ್ಟಿನ ಪಟ್ಟಿ ನೀರೊಳಗೆ ಯಾವುದೋ ಬೇರಿಗೆ ಸುತ್ತಿಕೊಂಡು ಅವರನ್ನು ಒಂದು ಪಕ್ಕಕ್ಕೆ ಜಗ್ಗುತ್ತಿತ್ತು. ಮುಖ ಮಾತ್ರ ಮೇಲಿತ್ತು, ಅದೂ ಓರೆಯಾಗಿ. ಗಾಳಿಗೆ ಒಂದೊಂದು ಅಲೆ ಬಂದಾಗಲೂ ಮುಖ ಮುಚ್ಚಿ ಹೋಗ್ತಿತ್ತು. ಮತ್ತೆ ಕಾಣಿಸಿದಾಗ ಕೆಮ್ಮು. ಕೆಮ್ಮು ಪ್ರತಿ ಸಲಕ್ಕೂ ಸಣ್ಣದಾಗ್ತಾ ಇತ್ತು.

ದೋಣಿಮಾಮ ಎಂಜಿನ್ ಆರಿಸಿದರು. ಬೊಡ್ಡೆಗಳ ಮಧ್ಯೆ ನಮ್ಮ ದೋಣಿ ಹೋದರೆ ನಾವೂ ಮಗುಚುತ್ತೇವೆ. “ಟೇಪಣ್ಣ! ಪಟ್ಟಿ ಬಿಚ್ಚಿ ಎದ್ದು ನಿಲ್ರಿ! ಅಲ್ಲಿ ನೀರು ಎದೆಮಟ್ಟ ಅಷ್ಟೇ!” ಅಂತ ಕೂಗಿದರು.

ಅವರು ತಲೆ ಅಲ್ಲಾಡಿಸಿದರು. “ಇಪ್ಪತ್ತೆರಡು ಅಡಿ!” ಅಂದರು.

“ಅಲ್ಲ ಅಣ್ಣ, ಅದು ಸುಳ್ಳು ಅಂಕಿ! ತಪ್ಪು ನಂದು, ನಾನು ತೆಗೆಯೋದು ಮರೆತೆ! ಎದ್ದು ನಿಲ್ಲಿ!” ಅಂತ ನಾನು ಅರಚಿದೆ.

“ನೀನೇ ನಂಬು ಅಂದ್ಯಲ್ಲ ತಂಗಿ” ಅಂದರು. ಅಲೆ ಬಂತು, ಮುಖ ಮುಚ್ಚಿತು. ನಾನು ಲೆಕ್ಕ ಹಾಕುತ್ತಾ ನಿಂತೆ. ಒಂದು, ಎರಡು, ಮೂರು, ನಾಲ್ಕು. ಮುಖ ಮತ್ತೆ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಆ ಮನುಷ್ಯ ಎದೆಮಟ್ಟದ ನೀರಲ್ಲಿ, ನನ್ನ ಮಾತು ನಂಬಿಕೊಂಡು, ನನ್ನ ಕಣ್ಣೆದುರೇ ಸಾಯ್ತಿದ್ದರು.

ದೋಣಿಮಾಮ ಒಂದು ಕೈಯಲ್ಲಿ ಅತ್ತಿಗೆಯನ್ನು ಹಿಡಿದಿದ್ದರು, ಬಿಡುವ ಹಾಗಿರಲಿಲ್ಲ. ನಾನು ಇಳಿದೆ. ಧೈರ್ಯ ಅಂತ ಯಾರೂ ಹೇಳಬೇಡಿ, ಅಲ್ಲಿ ನಿಂತು ನೋಡೋಕಾಗದೆ ಇಳಿದದ್ದು. ಜಾಕೆಟ್ ನನ್ನನ್ನು ಬೆಂಡಿನ ಹಾಗೆ ಎತ್ತಿತು. ಬೊಡ್ಡೆಯಿಂದ ಬೊಡ್ಡೆಗೆ ಕೈ ಹಾಕುತ್ತಾ, ಮೊಣಕಾಲು ಕೆತ್ತಿಕೊಂಡು, ಅವರಿಂದ ಎರಡು ಮಾರು ದೂರಕ್ಕೆ ಹೋದೆ. ಅಲ್ಲಿಂದ ಮುಂದೆ ಕೈಗೆಟುಕುವ ಬೊಡ್ಡೆ ಇರಲಿಲ್ಲ. “ನೋಡಿ, ನಾನು ನಿಂತಿದೀನಿ!” ಅಂದೆ.

ಅವರು ಕಣ್ಣಗಲಿಸಿ ನೋಡಿದರು. “ನೀನು ನಿಂತಿಲ್ಲ. ಜಾಕೆಟ್ ಇದೆಯಲ್ಲ, ತೇಲ್ತಿದೀಯ” ಅಂದರು. ಸಾಯುವಾಗಲೂ ಆ ಮನುಷ್ಯನಿಗೆ ಅನುಮಾನ! ಆದರೆ ಹೇಳಿದ್ದು ನಿಜವೇ. ನನ್ನ ಕಾಲಿಗೂ ನೆಲ ತಾಗಿರಲಿಲ್ಲ.

ದೋಣಿಮಾಮನಿಗೆ ಎದೆಮಟ್ಟ ಅಂದರೆ ಕುಳ್ಳಿಯಾದ ನನಗೆ ಎಷ್ಟು? ಅವರು ಹೇಳಿದ್ದು ತಪ್ಪಾಗಿದ್ದರೆ? ಬೆರಳು ಮರಗಟ್ಟಿದ್ದವು, ಬಕಲ್ ಬಿಚ್ಚೋಕೆ ಮೂರು ಸಲ ಒತ್ತಬೇಕಾಯಿತು. ಜಾಕೆಟ್ ಕಳಚಿ ದೂರ ಎಸೆದೆ. ಕೆಳಕ್ಕೆ ಹೋದೆ. ನೀರು ಬಾಯಿಗೆ ಬಂತು, ಮೂಗಿಗೆ ಬಂತು. ಕಿವಿಯೊಳಗೆ ಗುಂಯ್ ಅಂದಿತು. ಇಷ್ಟೇ ನನ್ನ ಬದುಕು ಅಂದುಕೊಂಡೆ. ಆಗ ಕಾಲಡಿ ಕೆಸರು ಸಿಕ್ಕಿತು, ಕೆಸರಿನ ಕೆಳಗೆ ಗಟ್ಟಿ ನೆಲ. ತುದಿಗಾಲಲ್ಲಿ ನಿಂತು ಗದ್ದ ಮೇಲೆತ್ತಿ ಎರಡೂ ಕೈ ಆಕಾಶಕ್ಕೆ ಚಾಚಿದೆ. “ಈಗ ನೋಡಿ ಅಣ್ಣ! ನಾನು ನಿಮ್ಮ ಭುಜಕ್ಕೂ ಬರಲ್ಲ! ನನ್ನ ಅಳತೆ ನಿಮಗೆ ಗೊತ್ತಿಲ್ವಾ?”

ಅವರು ನನ್ನನ್ನು ತಲೆಯಿಂದ ನೀರಿನ ಅಂಚಿನವರೆಗೆ ನೋಡಿದರು. ಬೊಡ್ಡೆಯಿಂದ ಒಂದು ಕೈ ಬಿಟ್ಟರು. ಕಣ್ಣು ಮುಚ್ಚಿಕೊಂಡರು. ಬಕಲ್ ಟಕ್ಕೆಂದಿದ್ದು ನನಗೆ ಕೇಳಿಸಿತು. ಮುಳುಗಿದರು, ಎದ್ದರು, ನಿಂತರು. ನೀರು ಅವರ ಎದೆಯವರೆಗಷ್ಟೇ ಇತ್ತು.

ದಡದಲ್ಲಿ ದೋಣಿಮಾಮನ ಕಂಬಳಿ ಹೊದ್ದು ಕೂತಾಗ ಅವರ ಹಲ್ಲು ಕಟಕಟ ಅಂತಿತ್ತು. ಅತ್ತಿಗೆಯ ತೋಳಿಗೆ ಪಟ್ಟಿ ಕಟ್ಟೋಕೆ ಆಸ್ಪತ್ರೆ ಗಾಡಿಯವರು ಬಂದಿದ್ದರು. ಟೇಪಣ್ಣ ನನ್ನ ಕಡೆ ತಿರುಗಿ, “ನಾನೇನಾದ್ರೂ ಬೇರೆ ಗುಂಡಿ ಒತ್ತಿಬಿಟ್ನಾ ತಂಗಿ?” ಅಂದರು.

“ಇಲ್ಲ ಅಣ್ಣ. ನೀವು ಒತ್ತಬೇಕಿತ್ತು. ನಾನೇ ಬಿಡಲಿಲ್ಲ” ಅಂದೆ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅತ್ತಿಗೆ ಗಂಡನನ್ನೇ ನೋಡುತ್ತಿದ್ದರು. “ಇಷ್ಟು ಹೆದರೋರು ಇಷ್ಟು ವರ್ಷ ಯಾಕೆ ಬಂದ್ರಿ ನನ್ನ ಜೊತೆ?” ಅಂದರು. ಅವರು ಕಂಬಳಿಯೊಳಗೆ ಮುಖ ಹುದುಗಿಸಿದರು.

ಅತ್ತಿಗೆಯ ತೋಳು ಕೂಡಿಕೊಳ್ಳೋಕೆ ಎರಡು ತಿಂಗಳಾಯಿತು. ಕೂಡಿದ ಮೇಲೂ ಅವರು ನೀರಿಗೆ ಹೋಗಲಿಲ್ಲ. ಗಾಳಗಳನ್ನೆಲ್ಲ ಕಟ್ಟಿ ಮಂಚದ ಕೆಳಗೆ ತಳ್ಳಿದರಂತೆ. ಭಾನುವಾರ ಬಂದರೆ ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಸುಮ್ಮನೆ ಕೂರ್ತಾರೆ ಅಂತ ಟೇಪಣ್ಣನೇ ಒಂದು ದಿನ ಅಂಗಡಿಗೆ ಬಂದು ಹೇಳಿದರು. ಕೈಯಲ್ಲಿ ಮಷೀನು ಇತ್ತು. ದೋಣಿ ಮೇಲೆತ್ತಿದಾಗ ಅದು ಅಂಚಿಗೆ ಕಚ್ಚಿಕೊಂಡೇ ಇತ್ತಂತೆ.

“ಅವಳನ್ನ ಹಾಗೆ ನೋಡಕ್ಕಾಗಲ್ಲ ತಂಗಿ. ಇದನ್ನ ಸರಿ ಮಾಡ್ಕೊಡು. ನೀನೂ ಬಾ, ಒಂದು ಸಲ ಜೊತೆಗೆ ಬಾ” ಅಂದರು.

ಇಲ್ಲ ಅನ್ನುವ ಮುಖ ನನಗೆಲ್ಲಿತ್ತು? ಹೋದೆ. ಮಷೀನಿನ ಅಂಗಿ ಕಳಚಿ, ಡೆಮೊ ತೆಗೆದು, ಒಂದಲ್ಲ ಹತ್ತು ಸಲ ನೋಡಿದೆ. ಅತ್ತಿಗೆ ಹಿಂದೆ ಎಂಜಿನ್ ಹಿಡಿದು ಕೂತರು, ಟೇಪಣ್ಣ ನಡುವೆ, ನಾನು ಮುಂದೆ. ದಡ ದೂರವಾಯಿತು. ಟೇಪಣ್ಣನ ಬೆರಳು ಹಲಗೆಯನ್ನು ಹಿಡಿದ ಬಿಗಿಗೆ ಬೆಳ್ಳಗಾಗಿದ್ದವು.

“ಎಷ್ಟಿದೆ ತಂಗಿ?” ಅಂದರು.

ಪರದೆ ನೋಡಿದೆ. “ಹನ್ನೊಂದು ಅಡಿ.”

“ನಿಜಾನಾ?”

ಮತ್ತೆ ಪರದೆ ನೋಡಿದೆ, ವೈರು ನೋಡಿದೆ, ನೀರೊಳಗಿನ ಗುಂಡು ನೋಡಿದೆ. ಎಲ್ಲ ಸರಿ ಇತ್ತು. ಆದರೂ ಹೌದು ಅನ್ನೋಕೆ ನನಗೆ ಧೈರ್ಯವಾಗಲಿಲ್ಲ. ದೋಣಿಯಲ್ಲಿದ್ದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡೋಣ ಅಂತ ಕೈ ಚಾಚಿದೆ.

ಟೇಪಣ್ಣ ನನ್ನ ಕೈ ಹಿಡಿದು ತಡೆದರು. “ಬಿಡಮ್ಮ. ನೀನು ಹೇಳಿದ ಮೇಲೆ ಮುಗೀತು” ಅಂದರು. ಆಮೇಲೆ ಹೆಂಡತಿ ಕಡೆ ತಿರುಗಿ, ಹೋಗು ಅಂತ ಕೈ ಬೀಸಿದರು.

ತೋಪಿನ ನೀರಲ್ಲಿ ಜಾಕೆಟ್ ಕಳಚಿ ಮುಳುಗಿದಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ.